ಬೋರ್‌ವೆಲ್ ನೀರಿನ ಗಡಸುತನವನ್ನು ನಾನು ಅಳೆದು, ತಗ್ಗಿಸಿದ ಬಗೆ

ಬೆಂಗಳೂರಿನ ಪೂರ್ವ ಭಾಗದಲ್ಲಿರುವ ನಮ್ಮ ವಸತಿ ಸಮುಚ್ಚಯದ ನೀರಿನ ಉಸ್ತುವಾರಿಯನ್ನು ಕೆಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಅಡುಗೆಮನೆಗಳಿಗೆ ಪ್ರತ್ಯೇಕ ಸಂಪಿನಿಂದ ಕಾವೇರಿ ನೀರು ಹೋಗುತ್ತದೆ. ಸ್ನಾನ, ಬಟ್ಟೆ ಮತ್ತು ಪಾತ್ರೆಗಳಿಗೆ ನಮ್ಮದೇ ಬೋರ್‌ವೆಲ್ ಇದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಅದರ ಜೊತೆ ಸೇರುತ್ತದೆ. ಗೀಸರ್ ಕಾಯಿಲ್‌ಗೆ ಬಿಳಿ ಪದರ ಕಟ್ಟುವುದು, ಸೋಪು ನೊರೆ ಕೊಡದಿರುವುದು, ಶವರಿನ ರಂಧ್ರಗಳು ಮುಚ್ಚಿಹೋಗುವುದು, ಎಲ್ಲವೂ ಈ ಎರಡನೆಯ ನೀರಿನ ತೊಂದರೆಗಳು. ಪರಿಹಾರಕ್ಕೆ ಕೈಹಾಕುವ ಮೊದಲು ಪ್ರತಿಯೊಂದು ಮೂಲದ ಗಡಸುತನವನ್ನು ಬೇರೆಬೇರೆಯಾಗಿ ಅಳೆಯಬೇಕೆಂದು ನಾನು ಪಟ್ಟುಹಿಡಿದೆ.

ಇದಕ್ಕೆ ಎಲ್ಲರ ಮನೆಯಲ್ಲೂ ಇರುವ ಟಿಡಿಎಸ್ ಮೀಟರ್ ಸಾಲದು. ಅದು ಕರಗಿರುವ ಎಲ್ಲ ಲವಣಗಳ ಅಂದಾಜನ್ನು ಒಟ್ಟಾಗಿ ತೋರಿಸುತ್ತದೆಯೇ ಹೊರತು, ಅವುಗಳಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎಷ್ಟೆಂದು ಹೇಳುವುದಿಲ್ಲ. ಗಡಸುತನಕ್ಕೆ ಕಾರಣ ಈ ಎರಡೇ. ನಾನು ಬಳಸುವುದು ಹನಿ ಎಣಿಸುವ ಪರೀಕ್ಷಾ ಕಿಟ್. ಅಳತೆ ಮಾಡಿದ ನೀರಿಗೆ ಬಫರ್ ದ್ರಾವಣವನ್ನೂ ಎರಿಯೊಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣದ ಸೂಚಕವನ್ನೂ ಸೇರಿಸಿದಾಗ ಗಡಸು ನೀರು ದ್ರಾಕ್ಷಾರಸದಂಥ ಕೆಂಪಾಗುತ್ತದೆ. ಆಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕದ ದ್ರಾವಣವನ್ನು ಹನಿಹನಿಯಾಗಿ ಹಾಕುತ್ತ, ಕೆಂಪಿನ ಛಾಯೆ ಸಂಪೂರ್ಣ ಹೋಗಿ ನೀಲಿಯಾಗುವವರೆಗೆ ಹನಿಗಳನ್ನು ಎಣಿಸಬೇಕು. ಬೋರ್‌ವೆಲ್ ನೀರನ್ನು ಪಂಪ್ ಸ್ವಲ್ಪ ಹೊತ್ತು ಓಡಿದ ಮೇಲೆಯೇ ಹಿಡಿಯಬೇಕು, ಏಕೆಂದರೆ ಪೈಪಿನಲ್ಲಿ ನಿಂತ ನೀರು ಮೂಲದ ಸರಿಯಾದ ಲೆಕ್ಕ ಕೊಡುವುದಿಲ್ಲ.

ನಮ್ಮ ಬೋರ್‌ವೆಲ್‌ನಲ್ಲಿ ಲೀಟರಿಗೆ 450 ಮಿಲಿಗ್ರಾಂ ಆಸುಪಾಸಿನ ಗಡಸುತನ ಕಂಡಿತು (ಗಡಸುತನದ ಅಂಕಿಗಳೆಲ್ಲ ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ). ಕಾವೇರಿ ನೀರು 150ರ ಒಳಗೇ ಇತ್ತು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ 200 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಅನುಮತಿಯಿದೆ. ಟ್ಯಾಂಕರ್ ನೀರಿನ ಅಂಕಿ ಮಾತ್ರ ಲೋಡಿನಿಂದ ಲೋಡಿಗೆ ಬದಲಾಗುತ್ತಿತ್ತು, ಏಕೆಂದರೆ ಅದು ಪ್ರತಿಸಲವೂ ಒಂದೇ ಬೋರ್‌ವೆಲ್‌ನಿಂದ ಬರುವುದಿಲ್ಲ.

ಒಂದೇ ಕಟ್ಟಡದ ಎರಡು ನಲ್ಲಿಗಳಲ್ಲಿ ಇಷ್ಟು ಅಂತರವೇಕೆ ಎಂದು ನಿವಾಸಿಗಳು ಕೇಳುತ್ತಾರೆ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯ ಆಮ್ಲವಾಗುತ್ತದೆ. ಬೆಂಗಳೂರಿನ ಅಡಿಯಲ್ಲಿರುವ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ಆ ನೀರು ದೀರ್ಘಕಾಲ ನಿಂತು, ಫೆಲ್ಡ್‌ಸ್ಪಾರ್‌ನಂಥ ಖನಿಜಗಳಿಂದ ಕ್ಯಾಲ್ಸಿಯಂ ಅನ್ನೂ ಕಪ್ಪು ಖನಿಜಗಳಿಂದ ಮೆಗ್ನೀಸಿಯಂ ಅನ್ನೂ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಕಾವೇರಿಯ ನೀರು ಬಹುಪಾಲು ಕೊಡಗಿನಂಥ ಹೆಚ್ಚು ಮಳೆಯ ಸೀಮೆಯಿಂದ ನೆಲದ ಮೇಲೆ ಹರಿದುಬಂದದ್ದು; ಬಂಡೆಯೊಡನೆ ಅದರ ಒಡನಾಟ ಅಲ್ಪ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ತಂದ ಮೇಲೂ ಅದರ ಆ ಗುಣ ಉಳಿದಿರುತ್ತದೆ.

ಇದೇ ಕಾರಣದಿಂದ ಊರಿಂದ ಊರಿಗೂ ನೀರು ಬೇರೆಯಾಗುತ್ತದೆ. ಮಂಗಳೂರಿನ ಸುತ್ತಿನ ಮುರಕಲ್ಲಿನಿಂದ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರುವ ಮಳೆಯು ಕ್ಯಾಲ್ಸಿಯಂ ಅನ್ನು ಎಂದೋ ತೊಳೆದುಬಿಟ್ಟಿದೆ. ಅಲ್ಲಿನ ಬಾವಿಗಳ ನೀರು ಮೃದು, ಕೆಲವೆಡೆ ಸ್ವಲ್ಪ ಆಮ್ಲೀಯವೂ ಹೌದು. ಕಲಬುರಗಿ ಸೀಮೆಯಲ್ಲಿ ಕಪ್ಪು ಬಸಾಲ್ಟ್ ಶಿಲೆಯ ಜೊತೆಗೆ ಶಹಾಬಾದ್ ಕಲ್ಲಾಗಿ ಮನೆಗಳಿಗೆ ಹಾಸುವ ಸುಣ್ಣಕಲ್ಲಿನ ಪದರಗಳೂ ಇವೆ, ಮಳೆಯೂ ಕಡಿಮೆ. ಅಂಥ ನೆಲದ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಏಕೆಂದರೆ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್‌ಗೆ ಅಂಟಿ ಅದನ್ನು ಗಟ್ಟಿಯಾಗಿಸುತ್ತದೆ.

ನಾವು ಹಾಕಿಸಿದ್ದು ರಾಳದ, ಅಂದರೆ ರೆಸಿನ್ ಮಣಿಗಳ ಸಾಫ್ಟ್‌ನರ್. ಅದರ ರಾಳ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟು ಸೋಡಿಯಂ ಬಿಡುತ್ತದೆ; ರಾಳ ತುಂಬಿದಾಗ ಉಪ್ಪಿನ ದ್ರಾವಣದಿಂದ ತೊಳೆಯಬೇಕು. ನೀರು ಮೃದುವಾದರೂ ಟಿಡಿಎಸ್ ಇಳಿಯುವುದಿಲ್ಲ, ಕೊಂಚ ಏರುತ್ತದೆ. 100 ಮಿಲಿಗ್ರಾಂ ಗಡಸುತನ ಹೋದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಬರುತ್ತದೆ. ಮೀಟರ್ ಅದ್ದಿ ನೋಡಿ ಯಂತ್ರ ಕೆಲಸ ಮಾಡುತ್ತಿಲ್ಲವೆಂದವರಿಗೆ ಹನಿ ಪರೀಕ್ಷೆಯನ್ನು ಅವರೆದುರೇ ಮಾಡಿ ತೋರಿಸಿದ್ದೇನೆ.

ಗಡಸುತನವನ್ನು ಸೊನ್ನೆಗೆ ಇಳಿಸುವುದು ಅನಗತ್ಯ ಎಂಬುದು ನನ್ನ ದೃಢ ಅಭಿಪ್ರಾಯ. ಮೂರನೇ ಒಂದು ಪಾಲು ನೀರನ್ನು ಬೈಪಾಸ್ ವಾಲ್ವ್ ಮೂಲಕ ಹಾಗೆಯೇ ಬಿಟ್ಟು, ಉಳಿದದ್ದನ್ನು ಮಾತ್ರ ರಾಳದ ಮೂಲಕ ಹಾಯಿಸಿ ಬೆರೆಸಿದಾಗ 450 ಇದ್ದದ್ದು 150ಕ್ಕೆ ಬಂತು. ಲೀಟರ್ ರಾಳ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆಂದು ಲೆಕ್ಕ ಹಾಕಿದರೆ, 100 ಲೀಟರ್ ರಾಳ ಒಂದು ಸರದಿಯಲ್ಲಿ, ಅಂದರೆ ಒಮ್ಮೆ ಉಪ್ಪಿನಿಂದ ತೊಳೆದ ಮೇಲೆ ಮತ್ತೆ ತೊಳೆಯುವವರೆಗೆ, ಸುಮಾರು 11,000 ಲೀಟರ್ ನೀರನ್ನು ಮೃದುಗೊಳಿಸುತ್ತದೆ. ಬೆರೆಸಿದರೆ ಅದೇ ಉಪ್ಪಿನಲ್ಲಿ 16,500 ಲೀಟರ್ ಸಿಗುತ್ತದೆ. ಉಪ್ಪು ಉಳಿದಷ್ಟೂ ಚರಂಡಿಗೆ ಹೋಗುವ ಉಪ್ಪುನೀರು ತಗ್ಗುತ್ತದೆ, ನನಗೆ ಹಣಕ್ಕಿಂತ ಅದು ಮುಖ್ಯ. ಸೋಡಿಯಂ ಮಣ್ಣನ್ನು ಕೆಡಿಸುವುದರಿಂದ ಗಿಡಗಳಿಗೆ ಮೃದುಗೊಳಿಸದ ಬೋರ್‌ವೆಲ್ ನೀರನ್ನೇ ಬಿಡುತ್ತೇವೆ.

ಮಳೆಗಾಲದ ಮೊದಲು ಮತ್ತು ನಂತರ ಮತ್ತೆ ಅಳೆದು, ವಾಲ್ವನ್ನು ಅದಕ್ಕೆ ತಕ್ಕಂತೆ ತಿರುಗಿಸುತ್ತೇನೆ. ಸಾಫ್ಟ್‌ನರ್ ಫ್ಲೋರೈಡನ್ನಾಗಲಿ, ನೈಟ್ರೇಟನ್ನಾಗಲಿ, ರೋಗಾಣುಗಳನ್ನಾಗಲಿ ತೆಗೆಯುವುದಿಲ್ಲ. ಬೋರ್‌ವೆಲ್ ನೀರನ್ನು ಕುಡಿಯಲು ಬಳಸುವವರು ಆ ಪರೀಕ್ಷೆಗಳನ್ನು ಪ್ರಯೋಗಾಲಯದಲ್ಲಿಯೇ ಮಾಡಿಸಬೇಕು.