ರೋಹಿತವಿಲ್ಲದೆ ಸೂಪರ್‌ನೋವಾ ಗುರುತಿಸಿದ ನನ್ನ ಅನುಭವ

ಬೆಳಕಿನ ಏರಿಳಿತವೊಂದನ್ನೇ ನೋಡಿ ಸೂಪರ್‌ನೋವಾದ, ಅಂದರೆ ಸಿಡಿದ ನಕ್ಷತ್ರದ, ಬಗೆ ಹೇಳಲಾಗದು, ರೋಹಿತ (ಬಣ್ಣಗಳಾಗಿ ಬಿಡಿಸಿದ ಬೆಳಕು) ಬೇಕೇ ಬೇಕು ಎಂದು ನಮ್ಮ ಸಂಶೋಧನಾ ಗುಂಪಿನ ಹಿರಿಯರು ಹೇಳುತ್ತಲೇ ಇದ್ದರು. ಕಳೆದ ಚಳಿಗಾಲದಲ್ಲಿ ಸುಮಾರು 60 ಸೂಪರ್‌ನೋವಾಗಳ ಬಗೆಯನ್ನು ಬೆಳಕಿನ ಏರಿಳಿತದಿಂದಲೇ ಊಹಿಸಿ ಮೊದಲೇ ಬರೆದಿಟ್ಟೆ. ರೋಹಿತಗಳು ಒಂದೊಂದಾಗಿ ಬಂದಾಗ 51 ಅಥವಾ 52 ಸರಿಯಾಗಿದ್ದವು.

ದತ್ತಾಂಶ ಅಮೆರಿಕದ ಪಾಲೋಮಾರ್ ವೀಕ್ಷಣಾಲಯದಿಂದ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸುವ ಝಡ್‌ಟಿಎಫ್ ಸಮೀಕ್ಷೆಯದು, ಜಿ (ಹಸಿರು) ಮತ್ತು ಆರ್ (ಕೆಂಪು) ಫಿಲ್ಟರ್‌ಗಳು ಮಾತ್ರ. ಮೊದಲ ವರ್ಷವನ್ನೆಲ್ಲ ನ್ಯೂರಲ್ ನೆಟ್‌ವರ್ಕ್ ನುಂಗಿತು. ಬಾಡಿಗೆ ಜಿಪಿಯುಗೆ ಕೈಯಿಂದ ಕೊಟ್ಟದ್ದು ನಲವತ್ತು ಸಾವಿರ ರೂಪಾಯಿಯ ಆಸುಪಾಸು, ನನ್ನ ಒಂದು ತಿಂಗಳ ಫೆಲೋಶಿಪ್. ಆ ನೆಟ್‌ವರ್ಕ್ ಏನನ್ನು ಕೊಟ್ಟರೂ 1ಎ (ಶ್ವೇತಕುಬ್ಜ ನಕ್ಷತ್ರದ ಸ್ಫೋಟ) ಎನ್ನುತ್ತಿತ್ತು. ಅದು ಕಲಿತದ್ದು ರೋಹಿತದಿಂದ ಬಗೆ ಗೊತ್ತಾದವುಗಳಿಂದ. ರೋಹಿತ ತೆಗೆಯುವುದು ಹೆಚ್ಚಾಗಿ ಪ್ರಖರವಾದವುಗಳದ್ದು. ಅವುಗಳಲ್ಲಿ 1ಎಗಳದೇ ಸಿಂಹಪಾಲು. ಮಂಕಾದವುಗಳನ್ನು ಅದು ಕಂಡೇ ಇರಲಿಲ್ಲ.

ಬೆಳಕಿನ ಏರಿಳಿತದಿಂದಲೇ ಬಗೆ ಹೇಳುವ 2018ರ ‘ಪ್ಲಾಸ್ಟಿಕ್’ (PLAsTiCC) ಸ್ಪರ್ಧೆಯಲ್ಲಿ ಗೆದ್ದ ಕೈಲ್ ಬೂನ್ ಅವರ ದಾರಿ ಹಿಡಿದೆ: ಬಿಡಿ ಅಳತೆಗಳ ನಡುವೆ ನಯವಾದ ಗೆರೆ ಎಳೆಯುವ ಗಾಸಿಯನ್ ಪ್ರೊಸೆಸ್ ಹೊಂದಿಸಿ, ಪ್ರಖರವಾದುದನ್ನು ಲೆಕ್ಕದಲ್ಲೇ ದೂರಕ್ಕೆ ತಳ್ಳಿ, ಮಂಕಾದ ಪ್ರತಿಗಳನ್ನು ಹುಟ್ಟಿಸಿ, ನಿರ್ಣಯ ವೃಕ್ಷಗಳಿಂದ ವಿಂಗಡಿಸುವ ಲೈಟ್‌ಜಿಬಿಎಂ ಎಂಬ ತಂತ್ರಾಂಶಕ್ಕೆ ಕಲಿಸುವುದು. ಇಲ್ಲದ ನಕ್ಷತ್ರಗಳನ್ನು ಸೃಷ್ಟಿಸುತ್ತಿದ್ದೀಯ ಎಂದರು ಹಿರಿಯರು. ಮೊದಲ ವಾರವೇ ಶೇ. 96 ಉತ್ತರ ಸರಿ ಬಂತು, ಕುಣಿದಾಡಿದೆ. ಎರಡು ತಿಂಗಳ ಮೇಲೆ ಗೊತ್ತಾಯಿತು, ಒಂದೇ ಸೂಪರ್‌ನೋವಾದ ಪ್ರತಿಗಳು ತರಬೇತಿಯಲ್ಲೂ ಪರೀಕ್ಷೆಯಲ್ಲೂ ಇದ್ದವು. ಮೊದಲು ತರಬೇತಿಗೆ, ಪರೀಕ್ಷೆಗೆ ಎಂದು ಬೇರ್ಪಡಿಸಿ ಆಮೇಲೆ ಪ್ರತಿ ಮಾಡಿದಾಗ ಅಂಕಿ 70ರ ಆಜುಬಾಜಿಗೆ ಕುಸಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಆ ಅಂಕಿಯನ್ನು ಮತ್ತೆ ಮೇಲೆತ್ತಿದ್ದು ಹಲವರು ಎಸೆಯುವ ದತ್ತಾಂಶ: ಮೊದಲ ಪತ್ತೆಗೆ ಮುಂಚಿನ, ಏನೂ ಕಾಣದ ರಾತ್ರಿಗಳು. 1ಎ ತನ್ನ ಬೆಳಕಿನ ಶಿಖರಕ್ಕೇರಲು ಹದಿನೆಂಟು–ಇಪ್ಪತ್ತು ದಿನ ಹಿಡಿಯುತ್ತದೆ. ಎಷ್ಟೋ ಎರಡನೇ ಬಗೆಯವು (ಹೈಡ್ರೋಜನ್ ಉಳಿಸಿಕೊಂಡ ಭಾರೀ ನಕ್ಷತ್ರಗಳ ಸಾವು) ಅದಕ್ಕಿಂತ ಬೇಗ ಏರುತ್ತವೆ. ಆ ಖಾಲಿ ರಾತ್ರಿಗಳೇ ಏರಿಕೆಯ ವೇಗ ಹೇಳಿದವು. ಪ್ರತಿಗಳನ್ನು ಮಂಕಾಗಿಸುವಾಗ ಅಳತೆಗಳಿಗೆ ಎಷ್ಟು ಗದ್ದಲ (ನಾಯ್ಸ್) ಬೆರೆಸುತ್ತೇನೆ ಎಂಬುದನ್ನು ಮಹಾಪ್ರಬಂಧ ಸಲ್ಲಿಸುವ ತನಕ ಹೇಳಲಾರೆ.

ನಡುವೆ ಸೂಪರ್‌ನೋವಾ ಇರುವ ಗ್ಯಾಲಕ್ಸಿಯ ಆಕಾರವನ್ನೂ ಸೇರಿಸಿ ನೋಡಿದೆ. ದೀರ್ಘವೃತ್ತಾಕಾರದವುಗಳಲ್ಲಿ ಭಾರೀ ನಕ್ಷತ್ರಗಳ ಸಾವು ಅಪರೂಪ, ಅಲ್ಲಿ ಇದು ಚೆನ್ನಾಗಿ ನೆರವಾಯಿತು. ಸುರುಳಿ ಗ್ಯಾಲಕ್ಸಿಗಳಲ್ಲಿ ಲಾಭವಿಲ್ಲ. ಹೊರಪದರದ ಹೈಡ್ರೋಜನ್ ಕಳೆದುಕೊಂಡ ಭಾರೀ ನಕ್ಷತ್ರಗಳ ಸ್ಫೋಟಗಳಾದ 1ಬಿ, 1ಸಿಗಳು ಈಗಲೂ ಕೈಕೊಡುತ್ತವೆ. ಈಗ ಎಲ್ಲವೂ ನನ್ನ ಹಳೆಯ ಡೆಸ್ಕ್‌ಟಾಪ್‌ನಲ್ಲೇ ಓಡುತ್ತದೆ. ಈ ದಾರಿಗೆ ಖರ್ಚಾದದ್ದು ಏಳು ಸಾವಿರದ ರ‍್ಯಾಮ್ ಮಾತ್ರ.

ಒಂದನ್ನು ಎಲ್ಲರೂ 1ಎ ಎಂದಿದ್ದರು, ನನ್ನ ಮಾದರಿ ಎರಡನೇ ಬಗೆ ಎಂದಿತ್ತು. ಲಡಾಖ್‌ನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯಿಂದ ನಡೆಸಿ ತೆಗೆದ ರೋಹಿತ ಪರದೆಯ ಮೇಲೆ ಬಂತು. 1ಎಯ ಗುರುತಾದ, 6150 ಆಂಗ್‌ಸ್ಟ್ರಾಂ ತರಂಗಾಂತರದ ಬಳಿಯ ಸಿಲಿಕಾನ್‌ನ ತಗ್ಗು ಇರಲಿಲ್ಲ. ಎರಡನೇ ಬಗೆಯ ಗುರುತಾದ ಹೈಡ್ರೋಜನ್ ಎದ್ದು ಕಾಣುತ್ತಿತ್ತು.