ಕರ್ಟನ್ ರಾಡ್ ಮೇಲೆ ಕೂತ ಮುತ್ತು ಪಂಜರಕ್ಕೆ ಮರಳಿದ ಸಂಜೆ

ನಮ್ಮ ಪುಟ್ಟ ಬಡ್ಜಿ ಗಿಳಿ ಮುತ್ತು ಮನೆಗೆ ಬಂದು ಆರನೇ ದಿನ. ಪಂಜರದ ತಳದ ಟ್ರೇ ಎಳೆದು, ಹಿಕ್ಕೆ ಬಿದ್ದಿದ್ದ ಕಾಗದ ಬದಲಿಸುತ್ತಿದ್ದೆ. ಕಾಳಿನ ಬಟ್ಟಲು ಒಳಗಿಡಬೇಕಲ್ಲ ಎಂದು ಬಾಗಿಲನ್ನೂ ಮೇಲೆತ್ತಿ ಇಟ್ಟಿದ್ದೆ. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳ ಠಣಾರನೆ ನೆಲಕ್ಕೆ ಬಿತ್ತು. ನಾನು ಆ ಕಡೆ ತಿರುಗಿ ನೋಡುವಷ್ಟರಲ್ಲಿ ಹಕ್ಕಿ ನನ್ನ ಮೊಣಕೈ ಸವರಿಕೊಂಡು ಹೊರಗೆ ಹಾರಿತ್ತು. ಕೋಣೆಯನ್ನು ಎರಡು ಸುತ್ತು ಹಾಕಿ, ಕಿಟಕಿ ಗಾಜಿಗೆ ಒಮ್ಮೆ ಬಡಿದುಕೊಂಡು, ಕೊನೆಗೆ ಕರ್ಟನ್ ರಾಡ್‌ನ ತುದಿಯಲ್ಲಿ ಹೋಗಿ ಕೂತಿತು. ಆಗ ಸಂಜೆ ನಾಲ್ಕು ಗಂಟೆ.

ಅದನ್ನು ಒಳಗೆ ಸೇರಿಸಲು ನಾನು ಮೊದಲ ಅರ್ಧ ಗಂಟೆಯಲ್ಲಿ ಮಾಡಿದ್ದೆಲ್ಲ ತಪ್ಪು. ಆ ತಪ್ಪನ್ನೂ ಬರೆಯುತ್ತೇನೆ, ಗಾಬರಿಯಾದಾಗ ಎಲ್ಲರೂ ಮೊದಲು ಮಾಡುವುದು ಅದನ್ನೇ.

ಕುರ್ಚಿ ಎಳೆದು ಹತ್ತಿದೆ, ಟವೆಲ್ ಹಿಡಿದು ಮೇಲಿನಿಂದ ಮುಚ್ಚಲು ನೋಡಿದೆ. ಹಾರಿತು. ಕಪಾಟಿನ ಮೇಲೆ ಕೂತಿತು, ಅಲ್ಲಿಗೂ ಹೋದೆ. ಮತ್ತೆ ಹಾರಿತು. ನಾಲ್ಕನೇ ಸಲ ಕೈಗೆ ಸಿಕ್ಕಿತು ಅನ್ನುವಾಗಲೇ ನುಣುಚಿಕೊಂಡು ಹೋಯಿತು. ಬೆರಳ ಸಂದಿಯಲ್ಲಿ ನಾಲ್ಕು ಬಾಲದ ಗರಿ ಉಳಿದಿದ್ದವು, ಬುಡದಲ್ಲಿ ಬೆಳ್ಳಗೆ, ತುದಿಗೆ ಹೋದಂತೆ ಕಡುನೀಲಿ. ಬುಡದಲ್ಲಿ ರಕ್ತವೇನೂ ಇರಲಿಲ್ಲ. ಶತ್ರುವಿನ ಹಿಡಿತಕ್ಕೆ ಸಿಕ್ಕಾಗ ಬಾಲದ ಗರಿ ಕಳಚಿಕೊಟ್ಟು ಪಾರಾಗುವ ಉಪಾಯ ಹಲವು ಹಕ್ಕಿಗಳ ಮೈಯಲ್ಲೇ ಇದೆ. ಆ ಗರಿಗಳು ನನ್ನ ಅಂಗೈಯಲ್ಲಿ ಇದ್ದವೆಂದರೆ, ಮುತ್ತುವಿನ ಪಾಲಿಗೆ ಆ ಹೊತ್ತಿನ ಶತ್ರು ನಾನೇ.

"ಅಮ್ಮಾ, ಸಾಕು ಬಿಡಮ್ಮಾ. ಅವನಿಗೆ ಉಸಿರು ಕಟ್ತಾ ಇದೆ ನೋಡು," ಅಂದಳು ಮಗಳು.

ನೋಡಿದೆ. ಕೊಕ್ಕು ಅರ್ಧ ತೆರೆದಿತ್ತು. ಪ್ರತಿ ಉಸಿರಿಗೂ ಉಳಿದ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ರೆಕ್ಕೆಗಳನ್ನು ಮೈಯಿಂದ ತುಸು ಬಿಡಿಸಿ ಹಿಡಿದಿತ್ತು. ಗರಿಗಳೆಲ್ಲ ಮೈಗೆ ಅಂಟಿಕೊಂಡು, ದುಂಡಗಿದ್ದ ಹಕ್ಕಿ ನನ್ನ ಎರಡು ಬೆರಳಿನಷ್ಟೇ ದಪ್ಪ ಕಾಣುತ್ತಿತ್ತು. ಕುರ್ಚಿಯಿಂದ ಇಳಿದು ಟವೆಲ್ಲನ್ನು ಕೋಣೆಯಿಂದಲೇ ಹೊರಗೆ ಹಾಕಿದೆ.

ಬಡ್ಜಿ, ಅಂದರೆ ನಮ್ಮಲ್ಲಿ ಬಹಳ ಜನ ಲವ್ ಬರ್ಡ್ಸ್ ಅಂತ ಕರೆಯುವ ಪುಟ್ಟ ಗಿಳಿ, ಆಸ್ಟ್ರೇಲಿಯಾದ ಒಣ ಬಯಲಿನ ಹಕ್ಕಿ. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ಮೇಲೆ ಇವು ಮನೆಮನೆಯ ಪಂಜರ ಸೇರಿದವು. ಅಷ್ಟು ತಲೆಮಾರು ಪಂಜರದಲ್ಲೇ ಹುಟ್ಟಿ ಬೆಳೆದರೂ ಮೇಲಿನಿಂದ ಎರಗುವ ಗಿಡುಗದ ಭಯ ಮಾತ್ರ ಇವುಗಳ ರಕ್ತದಿಂದ ಹೋಗಿಲ್ಲ. ತಲೆಯ ಮೇಲಿನಿಂದ ಬರುವ ಕೈ, ಬೀಸಿ ಬರುವ ಬಟ್ಟೆ, ನೆಟ್ಟ ಎರಡು ಕಣ್ಣು, ಇವೆಲ್ಲ ಅದಕ್ಕೆ ಗಿಡುಗವೇ. ಮೂವತ್ತು ನಲವತ್ತು ಗ್ರಾಂ ತೂಗುವ ಜೀವ ಅದು. ಬೆನ್ನಟ್ಟಿ ಬೆನ್ನಟ್ಟಿ ದಣಿಸಿದರೆ ಆಘಾತದಿಂದಲೇ ಸತ್ತುಹೋಗಬಹುದು. ಹಾಗಾಗಿ ಬಡ್ಜಿ ತಪ್ಪಿಸಿಕೊಂಡಾಗ ಕೆಲಸ ಶುರುವಾಗಬೇಕಾದದ್ದು ಅದರ ಭಯ ಇಳಿಸುವುದರಿಂದ. ಭಯ ಇಳಿದ ಮೇಲೆ ಪಂಜರಕ್ಕೆ ಬರುವ ಕೆಲಸವನ್ನು ಹಕ್ಕಿಯೇ ಅರ್ಧ ಮಾಡಿ ಮುಗಿಸುತ್ತದೆ.

ಮೊದಲು ಕೋಣೆಯನ್ನು ಸುರಕ್ಷಿತ ಮಾಡಿಕೊಂಡೆ. ಇದನ್ನು ಹಕ್ಕಿ ಹಾರಿದ ಕ್ಷಣವೇ ಮಾಡಬೇಕಿತ್ತು. ಸೀಲಿಂಗ್ ಫ್ಯಾನ್ ಸ್ವಿಚ್ ಆರಿಸಿ, ಯಾರೂ ಮರೆತು ಒತ್ತದಂತೆ ಅದರ ಮೇಲೆ ಟೇಪ್ ಅಂಟಿಸಿದೆ. ಕಿಟಕಿ ಮುಚ್ಚಿ ಪರದೆ ಎಳೆದೆ. ಬಡ್ಜಿಗೆ ಗಾಜು ಕಾಣುವುದಿಲ್ಲ, ಆಚೆಗಿನ ಬೆಳಕಷ್ಟೇ ಕಾಣುತ್ತದೆ, ನೇರ ಹೋಗಿ ಬಡಿಯುತ್ತದೆ. ಕನ್ನಡಿಯ ಮೇಲೆ ದುಪಟ್ಟಾ ಹೊದಿಸಿದೆ. ಅಡುಗೆಮನೆ, ಬಚ್ಚಲು ಎರಡರ ಬಾಗಿಲೂ ಹಾಕಿದೆ. ಬಿಸಿ ಒಲೆ ಮತ್ತು ತುಂಬಿದ ಬಕೆಟ್‌ ಎರಡೂ ಜೀವ ತೆಗೆಯುತ್ತವೆ. ಇನ್ನೊಂದು ಮಾತು, ಬಡ್ಜಿ ಇರುವ ಮನೆಯಲ್ಲಿ ನಾನ್‌ಸ್ಟಿಕ್ ಬಾಣಲೆಯನ್ನು ಖಾಲಿ ಕಾಯಿಸಲೇಬಾರದು. ಅತಿಯಾಗಿ ಕಾದ ಆ ಲೇಪದಿಂದ ಏಳುವ ಹೊಗೆ ನಮಗೆ ವಾಸನೆ ತಿಳಿಯುವ ಮೊದಲೇ ಹಕ್ಕಿಯ ಶ್ವಾಸಕೋಶ ಸುಡುತ್ತದೆ.

ಆಮೇಲೆ ಇಪ್ಪತ್ತು ನಿಮಿಷ ನಾವಿಬ್ಬರೂ ಗೋಡೆಗೆ ಒರಗಿ ನೆಲದ ಮೇಲೆ ಕೂತೆವು, ಮುತ್ತುವಿಗೆ ಮುಖ ಓರೆ ಮಾಡಿ. ಮಾತಾಡಿದರೂ ಅದರ ಜೊತೆಗಲ್ಲ, ನಮ್ಮ ನಮ್ಮಲ್ಲೇ, ದಿನದ ದನಿಯಲ್ಲಿ. ಹಿಂಡಿನಲ್ಲಿ ಬಾಳುವ ಹಕ್ಕಿಗೆ ಸುತ್ತಲಿನ ಮೌನವೇ ಅಪಾಯದ ಸೂಚನೆ. ಸಣ್ಣ ಗುಜುಗುಜು ಕೇಳುತ್ತಿದ್ದರೆ ಎಲ್ಲ ಸರಿಯಿದೆ ಅಂತ ಅರ್ಥ. ಮಗಳು ಫೋನಿನಲ್ಲಿ ಬಡ್ಜಿಗಳ ಚಿಲಿಪಿಲಿ ಧ್ವನಿ ಹುಡುಕಿ, ತೀರಾ ಮೆಲ್ಲಗೆ ಹಾಕಿದಳು. ಹತ್ತು ನಿಮಿಷಕ್ಕೆ ಮುತ್ತುವಿನ ಕೊಕ್ಕು ಮುಚ್ಚಿತು. ಸ್ವಲ್ಪ ಹೊತ್ತಿಗೆ ಮೈಯನ್ನು ಬುಸ್ಸನೆ ಉಬ್ಬಿಸಿ ಒಮ್ಮೆ ಕೊಡವಿಕೊಂಡಿತು. ನಾನು ಕಾಯುತ್ತಿದ್ದದ್ದು ಆ ಕೊಡವಿಗೇ. ಬಿಗಿದುಕೊಂಡ ಗರಿ ಸಡಿಲವಾಗಿ, ಹಕ್ಕಿ ಮೈ ಕೊಡವಿಕೊಂಡರೆ ಭಯದ ಒಂದು ಮೆಟ್ಟಿಲು ಇಳಿದಿದೆ ಅಂತ ತಿಳಿಯಬೇಕು. ಅದಕ್ಕೆ ಮೊದಲು ನಾವು ಏನು ಮಾಡಿದರೂ ಕೆಡುತ್ತದೆ.

ಇನ್ನು ಪಂಜರ. ಅದು ಸೊಂಟದ ಎತ್ತರದ ಸ್ಟೂಲ್ ಮೇಲಿತ್ತು. ಹೆದರಿದ ಬಡ್ಜಿ ಕೋಣೆಯ ಅತಿ ಎತ್ತರದ ಜಾಗ ಹುಡುಕಿ ಕೂರುತ್ತದೆ, ಕೆಳಗಿಳಿಯಲು ಒಪ್ಪುವುದಿಲ್ಲ. ಹಾಗಾಗಿ ಪಂಜರವನ್ನೇ ಮೇಲಕ್ಕೆ ಒಯ್ದೆ. ಪಂಜರ ಅಲುಗಿದರೆ ಮತ್ತೆ ಹಾರುತ್ತದೆ ಎಂಬ ಭಯ ನನಗಿತ್ತು. ಎರಡೆರಡು ಹೆಜ್ಜೆಗೊಮ್ಮೆ ನಿಂತು, ಮುತ್ತುವಿನ ಮೈ ಸಣ್ಣಗಾದರೆ ಅಲ್ಲೇ ತಡೆದು, ಮತ್ತೆ ಉಬ್ಬಿದ ಮೇಲೆ ಮುಂದೆ ಹೋಗುತ್ತ, ಕರ್ಟನ್ ರಾಡ್‌ನಿಂದ ಮೂರು ಅಡಿ ದೂರದ ಕಪಾಟಿನ ಮೇಲೆ ಇಡಲು ಹದಿನೈದು ನಿಮಿಷ ಬೇಕಾಯಿತು. ಬಾಗಿಲು ಹಕ್ಕಿಯ ಕಡೆಗೆ ತಿರುಗಿಸಿ, ತಾನಾಗಿ ಬೀಳದಂತೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಕೋಲು. ಪಂಜರದ ಬಾಗಿಲು ಹಕ್ಕಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಹಾರುತ್ತ ಬಂದು ಅಂಗೈಯಗಲದ ಕಿಂಡಿಯೊಳಗೆ ನುಗ್ಗಲು ಅದಕ್ಕೆ ಧೈರ್ಯ ಸಾಲದು, ಮೊದಲು ಇಳಿಯಲು ಜಾಗ ಬೇಕು. ಮುತ್ತು ದಿನವೂ ಕೂರುತ್ತಿದ್ದ ಕೋಲನ್ನೇ ಪಂಜರದಿಂದ ಬಿಚ್ಚಿ, ಬಾಗಿಲಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಇರುವಂತೆ ತಂತಿಗೆ ಕಟ್ಟಿದೆ. ಹೊಸ ಕೋಲಾದರೆ ಅದಕ್ಕೂ ಹೆದರುತ್ತಿತ್ತು. ಈ ಕೋಲಿಗೆ ಅದರದೇ ಉಗುರಿನ ಗೀರು, ಕೊಕ್ಕು ಉಜ್ಜಿದ ಗುರುತು ಇತ್ತು. ಕೋಲಿನ ಹೊರತುದಿಯಲ್ಲಿ ನವಣೆ ತೆನೆಯ ಸಣ್ಣ ಚೂರು ಕಟ್ಟಿದೆ, ನಡುವೆ ಇನ್ನೊಂದು, ಪಂಜರದ ಆ ಕೊನೆಯ ಸರಳಿಗೆ ಇಡೀ ತೆನೆ. ಹೊರಗೆ ಬೇರೆಲ್ಲೂ ಒಂದು ಕಾಳೂ ಇರದಂತೆ ನೋಡಿಕೊಂಡೆ.

ಹಸಿವಾಗಿ ತಾನೇ ಬರಲಿ ಎಂದು ದಿನಗಟ್ಟಲೆ ಬಿಡುವುದು ಮಾತ್ರ ಸರಿಯಲ್ಲ. ಇಷ್ಟು ಚಿಕ್ಕ ಹಕ್ಕಿ ದಿನವಿಡೀ ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರಬೇಕು. ಒಂದು ರಾತ್ರಿ ಕಳೆಯಬಹುದು, ಇಡೀ ದಿನ ಖಾಲಿ ಹೊಟ್ಟೆಯಲ್ಲಿದ್ದರೆ ಕುಸಿಯುತ್ತದೆ. ಸಂಜೆಯ ಊಟದ ಹೊತ್ತು ಸಾಕು. ಕತ್ತಲಾಗುವ ಮೊದಲು ಬಡ್ಜಿಗಳು ಕುತ್ತಿಗೆಯ ಚೀಲ ತುಂಬಿಸಿಕೊಳ್ಳುತ್ತವೆ, ಅದೇ ಆಸೆ ಅವನ್ನು ಎಳೆದು ತರುತ್ತದೆ.

ಐದೂವರೆ ಸುಮಾರಿಗೆ ಮಗಳು ಒಂದು ಉಪಾಯ ಮಾಡಿದಳು. ಪಂಜರದ ಪಕ್ಕ ಕಪಾಟಿನ ಮೇಲೆ ಕಾಳು ಇದೆ ಅನ್ನುವಂತೆ ಬೆರಳ ತುದಿಯಿಂದ ಟಿಕ್ ಟಿಕ್ ಎಂದು ಕುಟ್ಟತೊಡಗಿದಳು, ಹಕ್ಕಿ ಹೆಕ್ಕುವ ಲಯದಲ್ಲೇ. ಮುತ್ತು ಕತ್ತು ಓರೆ ಮಾಡಿ ಒಂದು ಕಣ್ಣಲ್ಲಿ ನೋಡಿತು. ರಾಡ್ ಮೇಲೆ ಅಡ್ಡಡ್ಡ ಹೆಜ್ಜೆ ಹಾಕುತ್ತ ಪಂಜರದ ಕಡೆಯ ತುದಿಗೆ ಬಂತು. ಅಲ್ಲಿ ಬಹಳ ಹೊತ್ತು ಮುಂದೆ ಬಾಗುವುದು, ಹಿಂದೆ ಸರಿಯುವುದು. ಕೊನೆಗೆ ಒಂದು ಹಿಕ್ಕೆ ಹಾಕಿತು. ಹಾರುವ ಮೊದಲು ಹಗುರಾಗುವುದು ಅವುಗಳ ರೂಢಿ. ಟಪ್ಪನೆ ಬಂದು ಕೋಲಿನ ಹೊರತುದಿಯ ಮೇಲೆ ಇಳಿಯಿತು.

ತೆನೆ ತಿನ್ನುವ ಸದ್ದು ಹತ್ತಿರದಿಂದ ಕೇಳಿದವರಿಗೆ ಗೊತ್ತು. ಒಂದೊಂದು ಕಾಳನ್ನೂ ನಾಲಿಗೆಯಿಂದ ತಿರುಗಿಸಿ, ಸಿಪ್ಪೆ ಸೀಳಿ, ತಿರುಳಷ್ಟೇ ನುಂಗುತ್ತದೆ, ಸಿಪ್ಪೆ ಪುರುಪುರು ಉದುರುತ್ತದೆ. ಆ ಸದ್ದು ಕೇಳಿ ನನ್ನ ಕಣ್ಣು ತುಂಬಿತು. ಮೊದಲ ಚೂರು ಮುಗಿಸಿ, ಎರಡನೆಯದಕ್ಕೆ ಬಂದು, ಬಾಗಿಲ ಚೌಕಟ್ಟಿನೊಳಗೆ ತಲೆ ಮತ್ತು ಎದೆ ಇಟ್ಟು ತಿನ್ನತೊಡಗಿತು.

ಇಲ್ಲಿ ನಾನು ಮತ್ತೊಂದು ತಪ್ಪು ಮಾಡಿದೆ. ಹಕ್ಕಿ ಪೂರ್ತಿ ಒಳಗೆ ಹೋದದ್ದೇ ತಡ, ಎದ್ದು ಬಾಗಿಲಿಗೆ ಕೈ ಹಾಕಿದೆ. ನನ್ನ ನೆರಳು ಬಿದ್ದ ಕೂಡಲೇ ಅದು ಬಾಣದಂತೆ ಹೊರಗೆ ಹಾರಿ ಮತ್ತೆ ರಾಡ್ ಸೇರಿತು. ಎರಡು ಗಂಟೆಯ ಕೆಲಸ ನೀರಿಗೆ ಹೋಯಿತು.

"ಇರ್ಲಿ ಬಿಡಮ್ಮಾ, ಒಂದು ಸಲ ಬಂದಿದ್ದಾನಲ್ಲ, ದಾರಿ ಗೊತ್ತಾಯ್ತು," ಅಂದಳು. ಅವಳ ಮಾತು ನಿಜವಾಯಿತು.

ಆ ಹೊತ್ತಿಗೆ ಹೊರಗೆ ಬೆಳಕು ಇಳಿಯುತ್ತಿತ್ತು. ಬಡ್ಜಿಗೆ ಕತ್ತಲಲ್ಲಿ ಏನೂ ಕಾಣುವುದಿಲ್ಲ ಅನ್ನಬಹುದು, ಆದ್ದರಿಂದ ಕತ್ತಲಾಗುವ ಮುಂಚೆ ಅದು ಬೆಳಕಿರುವ, ಗುರುತಿರುವ ಜಾಗ ಹುಡುಕುತ್ತದೆ. ಕೋಣೆಯ ದೀಪ ಹಾಕಲಿಲ್ಲ. ಪಂಜರದ ಹಿಂದೆ ಮಾತ್ರ ಒಂದು ಸಣ್ಣ ಟೇಬಲ್ ದೀಪ ಇಟ್ಟು, ಒಳಗಿನ ತೆನೆ ಮತ್ತು ನೀರಿನ ಬಟ್ಟಲು ಕಾಣುವಂತೆ ಮಾಡಿದೆ. ಒಮ್ಮೆಲೇ ಎಲ್ಲ ಆರಿಸಿದರೆ ಕುರುಡಾಗಿ ಹಾರಿ ಗೋಡೆಗೆ ಬಡಿಯುತ್ತದೆ, ಮುಸ್ಸಂಜೆ ತಾನಾಗಿ ಆಗಲು ಬಿಡಬೇಕು. ಬಾಗಿಲಿಗೆ ಈ ಬಾರಿ ಉದ್ದನೆಯ ದಾರ ಕಟ್ಟಿ, ಕ್ಲಿಪ್ ತೆಗೆದು, ದಾರದ ತುದಿ ಹಿಡಿದು ನಾನು ಏಳು ಅಡಿ ದೂರ ಕೂತೆ.

ಏಳು ಗಂಟೆಗೆ ಸ್ವಲ್ಪ ಮುಂಚೆ ಮುತ್ತು ಮತ್ತೆ ಕೋಲಿಗೆ ಬಂತು. ಈ ಸಲ ಹೊರಗಿನ ತುದಿಯಲ್ಲಿ ಏನೂ ಇರಲಿಲ್ಲ. ನೇರ ಒಳಗೆ ನಡೆದು ಆ ಕೊನೆಯ ತೆನೆಗೆ ಹೋಯಿತು. ನಾನು ಅಲುಗಲಿಲ್ಲ. ತಿಂದಿತು, ನೀರು ಕುಡಿಯಿತು, ಬಾಗಿಲಿಗೆ ಬೆನ್ನು ಹಾಕಿ ಮತ್ತೆ ತಿನ್ನಲು ನಿಂತಿತು. ಕಾಳು ಸೀಳುವ ಸದ್ದು ಬಿಡದೆ ಕೇಳುತ್ತಿದ್ದಾಗ ಮಾತ್ರ ದಾರವನ್ನು ಒಂದೊಂದು ಬೆರಳು ಸಡಿಲಿಸಿದೆ. ಸದ್ದು ನಿಂತರೆ ನಾನೂ ನಿಂತೆ. ಬಾಗಿಲು ಕೋಲಿನ ಮೇಲೆ ಬಂದು ಕೂತಾಗ ಅದು ತಿರುಗಿಯೂ ನೋಡಲಿಲ್ಲ.

ಆ ರಾತ್ರಿ ಪಂಜರದ ಮೂರು ಕಡೆ ತೆಳು ಬಟ್ಟೆ ಹೊದಿಸಿ, ಮೂಲೆಯಲ್ಲಿ ಮಂಕು ದೀಪ ಉಳಿಸಿ, ಯಾರೂ ಹತ್ತಿರ ಹೋಗಲಿಲ್ಲ. ಗಾಜಿಗೆ ಬಡಿದಿದ್ದರಿಂದ ಬೆಳಿಗ್ಗೆ ಎದ್ದ ಕೂಡಲೇ ನೋಡಿದೆ: ಎರಡೂ ರೆಕ್ಕೆ ಒಂದೇ ಮಟ್ಟದಲ್ಲಿ, ಮೂಗಿನ ಬಳಿ ರಕ್ತವಿಲ್ಲ, ಹಿಕ್ಕೆ ಎಂದಿನಂತೆ, ಕೂತಲ್ಲಿ ಉಸಿರಿಗೆ ಬಾಲ ಆಡುತ್ತಿಲ್ಲ. ಇವುಗಳಲ್ಲಿ ಒಂದು ಹೆಚ್ಚುಕಮ್ಮಿ ಇದ್ದರೂ ಹಕ್ಕಿಗಳ ಪಶುವೈದ್ಯರ ಹತ್ತಿರ ಒಯ್ಯಬೇಕಿತ್ತು. ಬಾಲದ ಗರಿಗಳು ಕೆಲವು ವಾರಗಳಲ್ಲಿ ಮತ್ತೆ ಮೂಡಿದವು.

ಕೈಯಲ್ಲಿ ಹಿಡಿಯಲೇಬೇಕಾದ ಸಂದರ್ಭವೂ ಬರಬಹುದು. ಗಾಯವಾಗಿದ್ದರೆ, ಕೋಣೆಯಲ್ಲಿ ಹೊಗೆ ತುಂಬಿದರೆ, ಮುಚ್ಚಲಾಗದ ಕಿಟಕಿ ಇದ್ದರೆ ಕಾಯುತ್ತ ಕೂರಲಾಗದು. ಆಗ ಹಕ್ಕಿ ಎಲ್ಲಿ ಕೂತಿದೆ ಎಂದು ಸರಿಯಾಗಿ ಗುರುತಿಟ್ಟುಕೊಂಡು ದೀಪ ಆರಿಸಿ, ಅದು ಅಲುಗದೆ ಕೂತಿರುವಾಗ ಹಗುರ ಬಟ್ಟೆಯಿಂದ ಒಂದೇ ಸಲಕ್ಕೆ ಎತ್ತಬೇಕು. ಕುತ್ತಿಗೆ ತೋರುಬೆರಳು ಮಧ್ಯದ ಬೆರಳಿನ ನಡುವೆ, ಬೆನ್ನು ಅಂಗೈಗೆ. ಎದೆ ಮಾತ್ರ ಒತ್ತಲೇಬಾರದು. ಹಕ್ಕಿಗೆ ನಮ್ಮಂತೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಇಲ್ಲ, ಎದೆಮೂಳೆ ಹೊರಗೆ ಒಳಗೆ ಆಡಿದರಷ್ಟೇ ಉಸಿರು. ಬಿಗಿಯಾಗಿ ಹಿಡಿದರೆ ಮೂಗು ಬಾಯಿ ತೆರೆದಿದ್ದರೂ ಉಸಿರುಗಟ್ಟುತ್ತದೆ.

ಮುತ್ತುವನ್ನು ಮುಂದಿನ ಆರು ವಾರ ಹೊರಗೆ ಬಿಡಲಿಲ್ಲ. ದಿನಕ್ಕೆ ಮೂರು ಸಲ, ಐದೈದು ನಿಮಿಷ, ನವಣೆ ತೆನೆ ಹಿಡಿದ ಕೈಯನ್ನು ಬಾಗಿಲಲ್ಲಿ ಇಟ್ಟುಕೊಂಡು ಕೂತೆ. ಮೊದಲ ವಾರ ದೂರದ ಮೂಲೆಯಿಂದ ನೋಡುತ್ತಿತ್ತು. ಹನ್ನೊಂದನೇ ದಿನ ಕತ್ತು ಚಾಚಿ ಒಂದು ಕಾಳು ಕಿತ್ತುಕೊಂಡು ಓಡಿತು. ಆಮೇಲೆ ಅದೇ ಕೋಲನ್ನು ಕಾಲಿನ ಮೇಲ್ಭಾಗದಲ್ಲಿ, ಹೊಟ್ಟೆಗೆ ಮೆತ್ತಗೆ ತಾಗಿಸಿ "ಬಾ ಮುತ್ತು" ಅನ್ನುತ್ತಿದ್ದೆ, ಹತ್ತುವುದು ಕಲಿತ ಮೇಲೆ ಕೋಲಿನ ಬದಲು ಬೆರಳು. ಹೊರಗೆ ಬಿಡುವುದು ಈಗ ಸಂಜೆಯ ಊಟಕ್ಕೆ ಒಂದು ಗಂಟೆ ಮೊದಲು ಮಾತ್ರ, ಕಾಳು ಪಂಜರದೊಳಗೆ ಮಾತ್ರ. ಬಾಗಿಲಿನ ಕೋಲು ಖಾಯಂ ಆಗಿ ಅಲ್ಲೇ ಇದೆ.

ಕೊಂಡಿ ಬೀಳುವಾಗ ಟಕ್ ಎನ್ನುತ್ತಿದ್ದ ತಂತಿಗೆ ಹಳೆಯ ಹತ್ತಿ ಬಟ್ಟೆಯ ಪಟ್ಟಿ ಸುತ್ತಿದ್ದೇನೆ. ಕತ್ತಲಾಗುತ್ತ ಬಂದ ಹಾಗೆ ಮುತ್ತು ತಾನೇ ಒಳಗೆ ಹೋಗಿ, ಮೇಲಿನ ಕೋಲಿನ ಮೇಲೆ ಒಂದು ಕಾಲು ಗರಿಯೊಳಗೆ ಎಳೆದುಕೊಂಡು, ಕೊಕ್ಕು ಮಸೆಯುತ್ತ ಕೂರುತ್ತದೆ. ನಾನು ಹೋಗಿ ಬಾಗಿಲು ಇಳಿಸುತ್ತೇನೆ, ಕೊಕ್ಕು ಮಸೆಯುವ ಆ ಸಣ್ಣ ಕಿರುಕಿರು ಸದ್ದು ನಿಲ್ಲುವುದಿಲ್ಲ.