ತಗ್ಗು ಪೆಟ್ಟಿಗೆಯಲ್ಲಿ ಹಾವಿಗೆ ಊಟ ಕೊಡುವುದು: ನನ್ನ ಅನುಭವ

ನನ್ನ ಬಾಲ್ ಪೈಥಾನ್‌ಗಳು, ಅಂದರೆ ಸಾಕುವ ಚಿಕ್ಕ ಜಾತಿಯ ಹೆಬ್ಬಾವುಗಳು, ಇರುವುದು ಗೇಣೆತ್ತರದ ಪೆಟ್ಟಿಗೆಗಳಲ್ಲಿ. ಮೇಜಿನ ಡ್ರಾಯರಿನಂತೆ ಅವನ್ನು ಮುಂದಕ್ಕೆ ಎಳೆಯಬೇಕು. ಇಷ್ಟು ತಗ್ಗಿನಲ್ಲಿ ಹಾವು ತಿನ್ನುವುದಾದರೂ ಹೇಗೆ ಎಂದು ಕೇಳುವವರು ಬಹಳ. ಹಗಲೆಲ್ಲ ಬಿಲದಲ್ಲಿ ಅಡಗಿರುವ ಜೀವವಿದು, ಸೂರು ತಲೆಗೆ ಹತ್ತಿರವಿದ್ದಷ್ಟೂ ಅದಕ್ಕೆ ಧೈರ್ಯ. ಊಟ ಕೆಡುವುದು ನಾವು ಆಹಾರವನ್ನು ಮೇಲಿನಿಂದ ಇಳಿಬಿಟ್ಟಾಗ. ಮೇಲಿನಿಂದ ಬರುವುದೆಲ್ಲ ಹಾವಿಗೆ ಶತ್ರುವೇ. ಹೆದರಿದ್ದು ಚೆಂಡಿನಂತೆ ಸುರುಳಿಯಾಗಿ ತಲೆ ಮುಚ್ಚಿಕೊಳ್ಳುತ್ತದೆ. ಹಸಿದದ್ದು ಮೇಲಕ್ಕೆ ಎರಗಿ ಪೆಟ್ಟಿಗೆಯ ಅಂಚಿಗೆ ಮೂತಿ ಬಡಿದುಕೊಳ್ಳುತ್ತದೆ. ಆದ್ದರಿಂದ ನಾನು ಇಲಿಯನ್ನು ನೆಲದ ಮಟ್ಟದಲ್ಲೇ, ಪಕ್ಕದಿಂದ ಕೊಡುತ್ತೇನೆ.

ಇಲಿಯ ಗಾತ್ರ ಹಾವಿನ ಮೈಯ ಅತಿ ದಪ್ಪ ಭಾಗದಷ್ಟಿದ್ದರೆ ಸಾಕು. ಹೆಪ್ಪುಗಟ್ಟಿದ ಇಲಿಯನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿ ಕರಗಲು ಬಿಟ್ಟು, ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿ ನೀರಿನಲ್ಲಿ ಇಡುತ್ತೇನೆ. ಮೈಕ್ರೋವೇವ್ ಖಂಡಿತ ಬೇಡ, ಒಂದು ಕಡೆ ಬೆಂದು ಇನ್ನೊಂದು ಕಡೆ ತಣ್ಣಗೇ ಉಳಿಯುತ್ತದೆ. ಕೊಡುವ ಹೊತ್ತಿಗೆ ಇಲಿಯ ಮೈ ಸುಮಾರು 38 ಡಿಗ್ರಿ ಸೆಲ್ಸಿಯಸ್ ಇರಬೇಕು, ತಲೆ ಸ್ವಲ್ಪ ಹೆಚ್ಚೇ ಬಿಸಿಯಿದ್ದರೆ ಒಳ್ಳೆಯದು. ಈ ಹೆಬ್ಬಾವಿನ ತುಟಿಯಂಚಿನ ಕುಳಿಗಳು ಶಾಖವನ್ನು ಗ್ರಹಿಸುತ್ತವೆ. ಬಿಸಿ ಎಲ್ಲಿದೆಯೋ ಅಲ್ಲಿಗೇ ಅದು ಬಾಯಿ ಹಾಕುತ್ತದೆ, ತಲೆಯನ್ನೇ ಹಿಡಿದರೆ ನುಂಗುವುದೂ ಸಲೀಸು. ಕಾರ್ನ್ ಸ್ನೇಕ್ ಎಂಬ ಇನ್ನೊಂದು ಸಾಕುಹಾವಿಗೆ ಆ ಕುಳಿಗಳಿಲ್ಲ, ಅದಕ್ಕೆ ವಾಸನೆಯೇ ದಾರಿ. ಏರಿ ಇಳಿದು ಓಡಾಡುವ ಹಾವಾದ್ದರಿಂದ ಅದನ್ನು ಇಷ್ಟು ತಗ್ಗಿನಲ್ಲಿ ನಾನಂತೂ ಇಡುವುದಿಲ್ಲ.

ದೀಪ ಮಂದ ಮಾಡಿ, ಪೆಟ್ಟಿಗೆಯನ್ನು ನಾಲ್ಕು ಬೆರಳಿನಷ್ಟೇ ಎಳೆಯುತ್ತೇನೆ. ಮೊದಲು ತಲೆ ಎಲ್ಲಿದೆ ಎಂದು ನೋಡಬೇಕು. ಉದ್ದನೆಯ ಚಿಮುಟದಲ್ಲಿ ಇಲಿಯ ಸೊಂಟ ಹಿಡಿದು, ಮೂತಿ ಮುಂದಾಗಿ, ನೆಲ ಸವರುವಂತೆ ನಿಧಾನವಾಗಿ ಸರಿಸುತ್ತೇನೆ. ನಾಲಿಗೆ ಚುರುಕಾಗುತ್ತದೆ, ತಲೆ ಇಲಿಯತ್ತ ತಿರುಗುತ್ತದೆ, ಕತ್ತು ಹಿಂದಕ್ಕೆ ಮಡಿಯುತ್ತದೆ. ಅಲ್ಲಿಗೆ ಕೈ ನಿಲ್ಲಿಸಬೇಕು. ಉಳಿದ ದೂರ ಹಾವಿನದು. ಎರಗಿ ಸುತ್ತಿಕೊಂಡ ಮೇಲೆ ಸುರುಳಿ ಅಡ್ಡಡ್ಡ ಹರಡಿಕೊಳ್ಳುತ್ತದೆ, ಅದಕ್ಕೆ ಎತ್ತರ ಬೇಕಿಲ್ಲ. ಪೆಟ್ಟಿಗೆಯನ್ನು ಒಳಗೆ ತಳ್ಳುವ ಮೊದಲು ಮಾತ್ರ ಯಾವ ಸುತ್ತೂ ಅಂಚಿನ ಮೇಲೆ ಏರಿಲ್ಲವೆಂದು ಕಣ್ಣಾರೆ ನೋಡಲೇಬೇಕು.

ನಾಚುವ ಹಾವಾದರೆ ಬಿಸಿ ಇಲಿಯನ್ನು ಅದರ ಅಡಗುತಾಣದ ಬಾಯಲ್ಲಿ ಚಪ್ಪಟೆ ತಟ್ಟೆಯ ಮೇಲಿಟ್ಟು ಕತ್ತಲೆ ಮಾಡಿ ಬಿಡುತ್ತೇನೆ. ಬೆಳಗ್ಗೆ ಉಳಿದಿದ್ದರೆ ಎಸೆಯುವುದು. ಜೀವಂತ ಇಲಿಯನ್ನು ಹೀಗೆ ಬಿಟ್ಟು ಹೋಗುವುದು ಕ್ರೌರ್ಯ. ಇಲಿಗೂ ಹಿಂಸೆ, ತಪ್ಪಿಸಿಕೊಳ್ಳಲು ಜಾಗವಿಲ್ಲದ ಹಾವನ್ನು ಅದು ಕಚ್ಚಿ ಗಾಯ ಮಾಡಲೂಬಹುದು. ಕಣ್ಣು ಹಾಲುಬಣ್ಣಕ್ಕೆ ತಿರುಗಿ ಪೊರೆ ಬಿಡುವ ದಿನಗಳಲ್ಲಿ ನಾನು ಊಟವನ್ನೇ ಕೊಡುವುದಿಲ್ಲ.

ತಿನ್ನಿಸಲೆಂದು ಹಾವನ್ನು ಬೇರೆ ಡಬ್ಬಿಗೆ ಸಾಗಿಸುವ ಪದ್ಧತಿ ನನಗೆ ಹಿಡಿಸದು. ಹೊಟ್ಟೆ ತುಂಬಿದ ಹಾವನ್ನು ಎತ್ತಿದರೆ ಕಕ್ಕಿಬಿಡಬಹುದು. ನುಂಗಿದ ಮೇಲೆ ಎರಡು ದಿನ ಮುಟ್ಟುವುದಿಲ್ಲ, ಪೆಟ್ಟಿಗೆಯ ಬೆಚ್ಚಗಿನ ತುದಿ 31–32 ಡಿಗ್ರಿಯಲ್ಲಿದೆಯೇ ಎಂದಷ್ಟೇ ನೋಡುತ್ತೇನೆ. ಒಮ್ಮೆ ಕಕ್ಕಿದರೆ ಎರಡು ವಾರ ನೀರು ಮಾತ್ರ. ಆಮೇಲೆ ಮೊದಲಿನದಕ್ಕಿಂತ ಚಿಕ್ಕ ಇಲಿ.